ಮುಸುಕುರಾಯರ ಎರಡನೆಯ ಮೌನ

ಜೂನ್ 11

ಮಗಳಿಗೆ,

ಆಶೀರ್ವಾದ. ಬೈಯಲು ಶುರು ಮಾಡಿದರೆ ಆಮೇಲೆ ಮರೆತುಹೋಗುತ್ತದೆಂದು ಇದನ್ನು ಮೊದಲೇ ಬರೆದು ಮುಗಿಸಿದ್ದೇನೆ.

ನಿನ್ನ ಕಾಗದ ಬಂತು. ತುಂಬಾ ಉದ್ದವಾಗಿತ್ತು, ಅದರ ತುಂಬಾ ನಿನ್ನ ಮೇಷ್ಟ್ರೇ ಇದ್ದರು. ಕೊನೆಯ ಸಾಲಿನಲ್ಲಿ, ಜಾಗ ಉಳಿಯಿತೆಂದೋ ಏನೋ, ‘ನೀನು ಹೇಗಿದ್ದೀಯಮ್ಮಾ’ ಎಂದು ಕೇಳಿದ್ದೀಯ. ನಾನು ಚೆನ್ನಾಗಿದ್ದೇನೆ.

ನೀನು ಬರೆದದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ, ತಪ್ಪಿದ್ದರೆ ತಿದ್ದು. ಒಬ್ಬ ಮನುಷ್ಯ ಬೆಳಗಾಗುವ ಮುಂಚೆ ಎದ್ದು, ಒಂದು ದೊಡ್ಡ ಮರದ ಕ್ಯಾಮೆರಾ ಹೊತ್ತು (ಅವನೆಲ್ಲಿ ಹೊತ್ತ, ನಿನ್ನ ಬೆನ್ನಿಗೆ ಹೊರಿಸಿ), ಒಂದು ಗುಡ್ಡದ ಮುಂದೆ ಅದನ್ನು ನಿಲ್ಲಿಸಿ, ತಲೆಯ ಮೇಲೆ ಕರಿಬಟ್ಟೆ ಮುಸುಕು ಹಾಕಿಕೊಂಡು, ಮೋಡ ಸರಿಯಲಿ ಎಂದು ಸಂಜೆಯವರೆಗೆ ಕಾದು, ಸರಿಯಲಿಲ್ಲವೆಂದು ಬರಿಗೈಯಲ್ಲಿ ವಾಪಸು ಬಂದ. ಇದನ್ನು ನೀನು ತಪಸ್ಸು ಎಂದಿದ್ದೀಯ. ಬೆಟ್ಟ ಅಗೆದು ಇಲಿ ಹಿಡಿದವರನ್ನು ಕಂಡಿದ್ದೇನೆ. ಇವರಿಗೆ ಇಲಿಯೂ ಸಿಕ್ಕಲಿಲ್ಲ.

ಅಲ್ಲವೇ ಮಗಳೇ, ಗುಡ್ಡದ ಫೋಟೋ ತೆಗೆಯುವುದರಲ್ಲಿ ಏನು ಹೆಚ್ಚುಗಾರಿಕೆ? ಗುಡ್ಡ ಕಣ್ಣು ಮಿಟುಕಿಸುತ್ತದೆಯೇ? ಸೀನುತ್ತದೆಯೇ? ‘ನನ್ನ ಮೂಗು ದಪ್ಪ ಬಂದಿದೆ, ಇನ್ನೊಂದು ಸಲ ತೆಗೀರಿ’ ಎನ್ನುತ್ತದೆಯೇ? ನಿನ್ನೆ ನಮ್ಮ ಸ್ಟುಡಿಯೋಕ್ಕೆ ಅವಳಿ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಒಂದು ನಗುವಾಗ ಇನ್ನೊಂದು ಅಳುತ್ತದೆ. ಎರಡೂ ಸುಮ್ಮನಾದ ಆ ಒಂದೇ ಕ್ಷಣದಲ್ಲಿ ತೆಗೆದೆ. ನಿನ್ನ ಮುಸುಕುರಾಯರು ಅದನ್ನು ತೆಗೆಯಲಿ, ಅಡ್ಡಬೀಳುತ್ತೇನೆ.

ನೆಗೆಟಿವಿನ ಮೇಲೆ ಮುಖದ ಕಲೆ ತಿದ್ದಿ ರೀಟಚ್ ಮಾಡುವಾಗ ಪೆನ್ಸಿಲಿನ ತುದಿ ನನಗೀಗ ಸರಿಯಾಗಿ ಕಾಣುವುದಿಲ್ಲ. ಸುಮ್ಮನೆ ಹೇಳಿದೆ. ಬಾ ಅಂತಲ್ಲ.

ನಿನ್ನ
ಅಮ್ಮ

----

ಜುಲೈ 2

ಅಮ್ಮಾ,

ಮುಸುಕುರಾಯರು! ಓದಿ ಜೋರಾಗಿ ನಕ್ಕುಬಿಟ್ಟೆ. ಮೇಷ್ಟ್ರು ‘ಯಾಕೆ ನಗ್ತೀಯ’ ಎಂದರು. ಚಿಕ್ಕಮ್ಮನ ಮನೆಯ ಬೆಕ್ಕಿನ ಸುದ್ದಿ ಎಂದು ಸುಳ್ಳು ಹೇಳಿದೆ. ಅವರಿಗೆ ನಗು ಅಷ್ಟಾಗಿ ಹಿಡಿಸುವುದಿಲ್ಲ.

ನೀನು ಬೈದರೂ ಇದೊಂದು ಹೇಳುತ್ತೇನೆ, ಕೇಳು. ಈ ಕ್ಯಾಮೆರಾದಲ್ಲಿ ಫಿಲ್ಮಿನ ಒಂದೊಂದು ಹಾಳೆಯೂ ಮಕ್ಕಳ ಸ್ಲೇಟಿನಷ್ಟು ದೊಡ್ಡದು. ಹಿಂಬದಿಯ ಗಾಜಿನ ಮೇಲೆ ಎಲ್ಲ ತಲೆಕೆಳಗಾಗಿ ಕಾಣುತ್ತದೆ. ಆಕಾಶ ಕೆಳಗೆ, ಬಂಡೆಗಳು ಮೇಲಿಂದ ಜೋತುಬಿದ್ದ ಹಾಗೆ. ಮೊದಮೊದಲು ತಲೆ ಸುತ್ತುತ್ತಿತ್ತು. ಮೇಷ್ಟ್ರು ಏನೆಂದರು ಗೊತ್ತಾ? ‘ತಲೆಕೆಳಗಾದ್ರೆ ಅದು ಬೆಟ್ಟ ಅನ್ನೋದು ಮರ್ತು ಹೋಗುತ್ತೆ. ಮರ್ತ ಮೇಲೇ ಕಣ್ಣು ಬಿಡೋದು.’ ಆ ದಿನದಿಂದ ನಾನು ಮುಸುಕಿನೊಳಗೆ ಹೋದರೆ ಹೊರಗೆ ಬರಲು ಮನಸ್ಸಾಗುವುದಿಲ್ಲ.

ಪ್ರಿಂಟ್ ಹಾಕುವಾಗ ಅವರನ್ನು ನೀನು ನೋಡಬೇಕು. ಒಂದು ಮೂಲೆಯಲ್ಲಿ ಹೆಬ್ಬೆರಳಷ್ಟು ನೆರಳು ಮಂಕಾಗಿದ್ದರೆ ಇಡೀ ಪ್ರಿಂಟ್ ಹರಿದುಹಾಕುತ್ತಾರೆ. ನಮಗೆ ಕಪ್ಪು ಎಂದರೆ ಒಂದು ಕಪ್ಪು. ಅವರಿಗೆ ಕಪ್ಪಿನ ಒಳಗೆ ಇನ್ನೊಂದು ಕಪ್ಪಿದೆ, ಅದರೊಳಗೆ ಗುಹೆಯ ಬಾಯಿ ಕಾಣಬೇಕು. ಅಮ್ಮಾ, ನಿನ್ನ ಹತ್ತಿರ ನಾನು ಕೈ ಕಲಿತೆ. ಇಲ್ಲಿ ಕಣ್ಣು ಕಲಿಯುತ್ತಿದ್ದೇನೆ.

ಅವರ ಚಿತ್ರಗಳ ಪುಸ್ತಕ ಕಳಿಸಿದ್ದೇನೆ. ನಿಧಾನವಾಗಿ ನೋಡು. ಪೆನ್ಸಿಲ್ ಕೆಲಸಕ್ಕೆ ದೀಪವನ್ನು ಎಡಕ್ಕೆ ಸರಿಸಿಕೋ.

ನಿನ್ನ
ಮಗಳು

----

ಆಗಸ್ಟ್ 19

ಕಣ್ಣು ಬಂದ ಮಗಳಿಗೆ, ಕೈ ಮಾತ್ರ ಇರುವ ಅಮ್ಮನ ಆಶೀರ್ವಾದ.

ಪುಸ್ತಕ ತಲುಪಿತು. ತುಂಬಾ ಉಪಯೋಗವಾಯಿತು. ಸ್ಟೂಲಿನ ಮೇಲೆ ಕೂತ ಚಿಕ್ಕ ಮಕ್ಕಳ ತಲೆ ಕ್ಯಾಮೆರಾಕ್ಕೆ ಎಟುಕುತ್ತಿರಲಿಲ್ಲ. ದಿಂಬು ಹಾಕಿದರೆ ಜಾರುತ್ತಿದ್ದವು. ನಿಮ್ಮ ಮೇಷ್ಟ್ರ ಪುಸ್ತಕ ಸರಿಯಾದ ದಪ್ಪ, ಒಳ್ಳೆಯ ಗಟ್ಟಿ ರಟ್ಟು. ನಿನ್ನೆ ಒಂದು ಕೂಸು ಅದರ ಮೇಲೆಯೇ ಉಚ್ಚೆ ಮಾಡಿತು. ಒರೆಸಿದರೆ ಹೋಯಿತು. ರಟ್ಟಿನ ಬಗ್ಗೆ ನನ್ನದೇನೂ ತಕರಾರಿಲ್ಲ.

ಒಳಗೂ ನೋಡಿದೆ. ಮೊದಲಿಂದ ಕೊನೆಯವರೆಗೆ ಒಂದು ನರಪಿಳ್ಳೆಯಿಲ್ಲ. ಬಂಡೆ, ಮೋಡ, ಬಂಡೆ, ಒಣಮರ, ಮತ್ತೆ ಬಂಡೆ. ಪ್ರಳಯವಾಗಿ ಎಲ್ಲರೂ ಸತ್ತ ಮೇಲೆ ಈ ಮನುಷ್ಯನೊಬ್ಬನೇ ಉಳಿದು ಓಡಾಡುತ್ತಿರುವ ಹಾಗಿದೆ. ಮುನ್ನುಡಿ ಬರೆದವರು ಅವರನ್ನು ‘ಬೆಳಕಿನ ಋಷಿ’ ಎಂದು ಕರೆದಿದ್ದಾರೆ. ದೂರದ ಬೆಟ್ಟ ನುಣ್ಣಗೆ ಅನ್ನುವುದು ಬೆಟ್ಟಕ್ಕೆ ಮಾತ್ರವಲ್ಲ, ಬೆಟ್ಟದ ಫೋಟೋ ತೆಗೆಯುವವರಿಗೂ ಹೊಂದುತ್ತದೆ. ಹತ್ತಿರದಲ್ಲಿರುವ ನಿನಗೆ ಇನ್ನೂ ನುಣ್ಣಗೇ ಕಾಣುತ್ತಿರುವುದೇ ನನಗೆ ಆಶ್ಚರ್ಯ.

ಮನುಷ್ಯರ ಮುಖ ನೋಡಲು ಆಗದವರು ಬಂಡೆ ನೋಡುತ್ತಾರೆ. ಬಂಡೆ ತಿರುಗಿ ನೋಡುವುದಿಲ್ಲವಲ್ಲ, ಹಾಯಾಗಿರುತ್ತದೆ.

‘ಕೈ ಕಲಿತೆ’ ಎಂದು ಬರೆದಿದ್ದೀಯ. ನೋಯಿಸಬೇಕೆಂದು ಬರೆದದ್ದಲ್ಲವೆಂದು ಗೊತ್ತು. ನೋವಂತೂ ಆಯಿತು. ನಿನ್ನ ಅಪ್ಪ ಹೋದ ಮೇಲೆ ಆ ಕತ್ತಲೆಕೋಣೆಯಲ್ಲಿ ನಾನು ನಿನಗೆ ಕಲಿಸಿದ್ದು ಬರೀ ಕೈ ಆಡಿಸುವುದು ಅಂದುಕೊಂಡಿರಲಿಲ್ಲ. ಇರಲಿ. ಈ ಸ್ಟುಡಿಯೋ ನಿನ್ನದು, ನಾನು ನಿನಗಾಗಿ ಕಾಯ್ದುಕೊಂಡು ಕೂತಿದ್ದೇನೆ. ಈ ಸಲ ಸುಮ್ಮನೆ ಹೇಳುತ್ತಿಲ್ಲ. ಬಾ.

ನಿನ್ನ
ಅಮ್ಮ

----

ಡಿಸೆಂಬರ್ 6

ಅಮ್ಮಾ,

ಇಷ್ಟು ದಿನ ಬರೆಯದ್ದಕ್ಕೆ ಕೋಪ ಮಾಡಿಕೊಂಡಿರುತ್ತೀಯ. ಈಗ ಬರೆಯುವುದನ್ನು ಓದಿ ಖುಷಿಪಡುತ್ತೀಯೇನೋ. ಮೇಷ್ಟ್ರು ನನ್ನನ್ನು ಕಳಿಸಿಬಿಟ್ಟರು.

ನಡೆದದ್ದು ಇಷ್ಟು. ಫಿಲ್ಮ್ ಹಾಳೆ ಇಡುವ ಹೋಲ್ಡರಿಗೆ ಜಾರುವ ಮುಚ್ಚಳ ಇರುತ್ತದಲ್ಲ, ಒಂದು ಅಂಚು ಬಿಳಿ, ಹಿಂದುಮುಂದಾಗಿ ಹಾಕಿದರೆ ಕಪ್ಪು. ನಮ್ಮ ಸ್ಟುಡಿಯೋದಲ್ಲಿ, ಶಾಲೆಯ ಗುಂಪು ಫೋಟೋ ತೆಗೆಯುವ ಹಳೆ ಕ್ಯಾಮೆರಾಕ್ಕೆ, ನೀನು ಕಲಿಸಿದ್ದು ಏನು? ಬಿಳಿ ಹೊರಗಿದ್ದರೆ ಬೆಳಕು ಕಂಡಿದೆ, ಮತ್ತೆ ಮುಟ್ಟಬೇಡ. ಕಪ್ಪು ಹೊರಗಿದ್ದರೆ ಇನ್ನೂ ಕತ್ತಲಲ್ಲಿದೆ, ಹೊಸದು. ಇಲ್ಲಿ ತದ್ವಿರುದ್ಧ. ಮೇಷ್ಟ್ರಿಗೆ ಬಿಳಿ ಎಂದರೆ ಏನೂ ಬರೆಯದ ಹಾಳೆ, ಹೊಸದು. ಬಂದ ದಿನವೇ ಹೇಳಿದ್ದರು. ಇಷ್ಟು ದಿನ ಒಮ್ಮೆಯೂ ತಪ್ಪಿರಲಿಲ್ಲ.

ಆವತ್ತು ಬೆಳಗ್ಗೆ ಬೋಳುಗುಡ್ಡದ ಮೇಲೆ ಮಂಜು ಇಳಿಯಿತು. ಈ ಮಂಜಿಗಾಗಿ ಅವರು ಹಿಂದಿನ ಚಳಿಗಾಲಗಳಲ್ಲೆಲ್ಲ ಬಂದು ಬರಿಗೈಲಿ ಹೋಗಿದ್ದರು. ತೆಗೆದರು. ಮುಚ್ಚಳ ಹಾಕಿ ಹೋಲ್ಡರನ್ನು ಹೊರತೆಗೆಯುವುದು ನನ್ನ ಕೆಲಸ. ಬೆರಳು ಮರಗಟ್ಟಿದ್ದವು. ತಲೆ ಇಲ್ಲಿತ್ತು, ಕೈ ನಮ್ಮ ಮನೆಯ ಅಭ್ಯಾಸದಂತೆ ಮಾಡಿತು. ಬಿಳಿ ಹೊರಗೆ ಹಾಕಿದೆ. ಆಮೇಲೆ ಕೆರೆಯ ಹತ್ತಿರ ನೀರು ಅಲುಗಾಡದೆ ನಿಂತಿತ್ತು. ಮೇಷ್ಟ್ರು ಚೀಲಕ್ಕೆ ಕೈ ಹಾಕಿ ಬಿಳಿ ಅಂಚು ನೋಡಿ, ಹೊಸದೆಂದು ಅದೇ ಹಾಳೆಯ ಮೇಲೆ ಕೆರೆಯನ್ನೂ ತೆಗೆದರು. ಒಂದೇ ಹಾಳೆಯಲ್ಲಿ ಗುಡ್ಡ, ಅದರ ಮೇಲೆ ನೀರು.

ಈಗ ಪೇಟೆಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೇನೆ. ನನಗೆ ಬೇರೆ ಯಾವುದೂ ಬೇಡಮ್ಮಾ, ಆ ಕೆಲಸ ಬೇಕು. ಬಾ ಎಂದು ಬರೆಯಬೇಡ. ಬರೆದರೆ ಬಂದುಬಿಡುತ್ತೇನೆ, ಅದಕ್ಕೆ.

ನಿನ್ನ
ಮಗಳು

----

ಡಿಸೆಂಬರ್ 13

ಮಾನ್ಯರೇ,

ನೀವು ನನ್ನನ್ನು ಕಂಡಿಲ್ಲ. ನಿಮ್ಮ ಕ್ಯಾಮೆರಾ ಹೊರುತ್ತಿದ್ದ ಹುಡುಗಿಯ ತಾಯಿ ನಾನು. ಒಂದು ಸಣ್ಣ ಫೋಟೋ ಸ್ಟುಡಿಯೋ ನಡೆಸುತ್ತೇನೆ. ಅರ್ಜಿಗೆ ಅಂಟಿಸುವ ಫೋಟೋ, ಮದುವೆಯ ಫೋಟೋ, ಮಕ್ಕಳ ಫೋಟೋ. ಮನುಷ್ಯರದ್ದು. ನೀವು ಅಂಥವನ್ನು ತೆಗೆಯುವುದಿಲ್ಲವೆಂದು ಬಲ್ಲೆ.

ಮನೆಯಲ್ಲಿ ನಾನು ನಿಮ್ಮನ್ನು ಬೇರೆ ಹೆಸರಿನಿಂದ ಕರೆಯುತ್ತೇನೆ. ಇಲ್ಲಿ ಮಾನ್ಯರೇ ಎಂದು ಬರೆದಿದ್ದೇನೆ. ಇದರಿಂದಲೇ ಎಷ್ಟು ಬಗ್ಗಿದ್ದೇನೆಂದು ಅಂದಾಜು ಮಾಡಿ.

ಹೋಲ್ಡರಿನ ಬಿಳಿ ಅಂಚಿನ ವಿಷಯ. ಅದು ಅವಳ ತಪ್ಪಲ್ಲ, ನಮ್ಮ ಮನೆಯ ಪದ್ಧತಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ನಾನು ಒಂದು ಥರ ಕಲಿಸಿದೆ, ನೀವು ಇನ್ನೊಂದು ಥರ ಕಲಿಸಿದಿರಿ, ನಡುವೆ ಸಿಕ್ಕ ಹುಡುಗಿಯ ಕೈ ಏನು ಮಾಡೀತು? ಇದರಲ್ಲಿ ಎತ್ತು ಯಾರು, ಕೋಣ ಯಾರು ಎಂಬುದನ್ನು ಸದ್ಯಕ್ಕೆ ಬಿಡೋಣ. ಬೆಳಕು ಕಂಡದ್ದಕ್ಕೆ ಬಿಳಿ ಎನ್ನುವುದು ಬುದ್ಧಿಯಿರುವವರಿಗೆಲ್ಲ ಹೊಳೆಯುವ ಮಾತು ಎಂದಷ್ಟೇ ಹೇಳುತ್ತೇನೆ.

ಬೈಯುವುದಿದ್ದರೆ ನನ್ನನ್ನು ಬೈಯಿರಿ, ನನಗೆ ತಿರುಗಿ ಬೈಯುವ ಶಕ್ತಿಯಿದೆ. ಅವಳಿಗಿಲ್ಲ, ಅವಳು ನಿಮ್ಮನ್ನು ದೇವರು ಅಂದುಕೊಂಡಿದ್ದಾಳೆ. ಗುಡ್ಡ ಅಲ್ಲೇ ಇದೆ. ಮಂಜು ಮತ್ತೆ ಬರುತ್ತದೆ. ನಿಮ್ಮನ್ನು ಇಷ್ಟು ನಂಬುವ ಇನ್ನೊಬ್ಬಳು ಬರುವುದಿಲ್ಲ. ಅವಳನ್ನು ಮತ್ತೆ ಕರೆಸಿಕೊಳ್ಳಿ ಎಂದು ಬೇಡುತ್ತೇನೆ. ಬೇಡುವುದು ನನಗೆ ಅಭ್ಯಾಸವಿಲ್ಲ. ಒರಟಾಗಿ ಕೇಳಿಸಿದರೆ ಕ್ಷಮಿಸಿ, ಅಥವಾ ಕ್ಷಮಿಸಬೇಡಿ.

ಇಂತಿ,
ಅವಳ ತಾಯಿ

----

ಜನವರಿ 20

ಸ್ಟುಡಿಯೋದವರಿಗೆ,

ಕೆಟ್ಟ ಫಿಲ್ಮಿಗಾಗಿ ನಾನು ಯಾರನ್ನೂ ಮನೆಯಿಂದ ಹೊರಗೆ ಹಾಕಿದವನಲ್ಲ. ಫಿಲ್ಮ್ ಕೆಡುತ್ತದೆ. ಕಾರಣ ಬೇರೆ. ಅದನ್ನು ನಿಮ್ಮ ಮಗಳನ್ನೇ ಕೇಳಿ, ಹೇಳಲು ಅವಳಿಗೆ ಬಾಯಿದೆ, ಬೇಕಾದ್ದಕ್ಕಿಂತ ಹೆಚ್ಚೇ ಇದೆ.

ಮಾರ್ಚಿನಲ್ಲಿ ನನ್ನ ಚಿತ್ರಗಳ ಪ್ರದರ್ಶನವಿದೆ. ಕಾರ್ಡು ಇಟ್ಟಿದ್ದೇನೆ. ನೀವು ಬಂದು ನೋಡಿದರೆ, ನಿಮ್ಮ ವೃತ್ತಿಗೂ ನನ್ನ ಕೆಲಸಕ್ಕೂ ಏನಾದರೂ ಸಂಬಂಧವಿದೆಯೇ ಎಂಬ ಸಂಶಯ ಮುಂದೆ ಬರಲಾರದು.

(ಸಹಿ)

----

ಮಾರ್ಚ್ 17

ಮಗಳಿಗೆ,

ಆಶೀರ್ವಾದ. ನಿನಗೆ ಹೇಳದೆ ಒಂದು ಕೆಲಸ ಮಾಡಿದೆ. ನಿನ್ನ ಮೇಷ್ಟ್ರಿಗೆ ಕಾಗದ ಬರೆದೆ. ಅವರು ಉತ್ತರ ಬರೆದರು. ನಾಯಿಗೆ ರೊಟ್ಟಿ ಎಸೆದ ಹಾಗೆ ಒಂದು ಕಾರ್ಡು ಎಸೆದರು. ನಾನೂ ಬಿಡಲಿಲ್ಲ, ಸ್ಟುಡಿಯೋ ಬಾಗಿಲು ಹಾಕಿ ಬಸ್ಸು ಹತ್ತಿ ಪ್ರದರ್ಶನಕ್ಕೆ ಹೋಗಿಬಂದೆ. ನಗಬೇಕೆಂದೇ ಹೋದೆ.

ನಗುವುದಕ್ಕೆ ಬೇಕಾದಷ್ಟಿತ್ತು. ಕಾಲಿಟ್ಟರೆ ಜಾರುವ ನೆಲ. ಜನ ಕೈ ಹಿಂದೆ ಕಟ್ಟಿಕೊಂಡು, ಕುತ್ತಿಗೆ ಓರೆ ಮಾಡಿ, ಸಾವಿನ ಮನೆಗೆ ಬಂದವರ ಹಾಗೆ ಪಿಸುಗುಟ್ಟುತ್ತಿದ್ದರು. ಒಬ್ಬಾಕೆ ಒಂದು ಬಂಡೆಯ ಮುಂದೆ ಕಣ್ಣು ಒರೆಸಿಕೊಂಡಳು. ನನ್ನ ಪಕ್ಕದಲ್ಲಿದ್ದ ಜರಿಯಂಚಿನ ಶಾಲಿನವರು ‘ಎಂಥ ಏಕಾಂತ, ಅಲ್ವಾ?’ ಎಂದರು. ‘ಹೌದು ಸ್ವಾಮಿ, ಯಾರೂ ಇಲ್ಲ’ ಎಂದೆ. ಅವರು ದೂರ ಸರಿದರು.

ಈಗ ಹೇಳಲು ಹೊಟ್ಟೆ ಉರಿಯುವ ಮಾತು. ಪುಸ್ತಕದಲ್ಲಿ ನೋಡಿದ್ದು ಏನೂ ಅಲ್ಲ. ಬಾಗಿಲ ಬಳಿಯೇ ಒಂದು ಚಿತ್ರವಿತ್ತು, ಮಳೆ ನಿಂತ ಮೇಲಿನ ಕಲ್ಲಿನ ಇಳಿಜಾರು. ಬೈದುಕೊಂಡೇ ನೋಡಲು ನಿಂತೆ. ಒಂದೊಂದು ಕಲ್ಲೂ ಬೇರೆಬೇರೆ ಒದ್ದೆಯಾಗಿತ್ತು. ಇಷ್ಟು ವರ್ಷ ನಾನು ಟ್ರೇಯಲ್ಲಿ ಬೂದುಬಣ್ಣ ತೊಳೆಯುತ್ತಿದ್ದೇನೆ, ಅದರಲ್ಲಿ ಇಷ್ಟು ಬಗೆಯಿದೆಯೆಂದು ನನಗೆ ಗೊತ್ತಿರಲಿಲ್ಲ. ಅಸೂಯೆಯಾಯಿತು. ಹೌದು, ನನಗೇ. ಆ ಮನುಷ್ಯನ ಮೇಲಿನ ನನ್ನ ತಾತ್ಸಾರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ, ಆದರೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಮುಂದೆ ನಡೆದೆ.

ಕೊನೆಯ ಗೋಡೆ. ಇಡೀ ಗೋಡೆಗೆ ಒಂದೇ ಚಿತ್ರ. ಮಂಜಿನಲ್ಲಿ ನಿಂತ ಬೋಳುಗುಡ್ಡ, ಅದರ ಮೈತುಂಬ ಅಲುಗದ ನೀರು. ಗುಡ್ಡದ ಹೆಗಲ ಮೇಲೆ ಒಂದು ಒಣಮರದ ನೆರಳು ತೇಲುತ್ತಿದೆ. ಕೆಳಗೆ ಹೆಸರು: ‘ಎರಡನೆಯ ಮೌನ’. ಮೊದಲನೆಯ ಮೌನ ಎಲ್ಲಿದೆಯೆಂದು ಹುಡುಕಿದೆ, ಇರಲಿಲ್ಲ.

ಮಗಳೇ, ನನಗೆ ಕೂಡಲೇ ಗೊತ್ತಾಯಿತು. ನೀನು ಬರೆದಿದ್ದೆಯಲ್ಲ, ಗುಡ್ಡ, ಅದರ ಮೇಲೆ ನೀರು. ನಿನ್ನನ್ನು ಹೊರಗೆ ಹಾಕಿ, ಕೆಟ್ಟದ್ದನ್ನು ಚೌಕಟ್ಟು ಹಾಕಿಸಿದ್ದಾರೆ! ಅಲ್ಲಿ ಬಂದವರೆಲ್ಲ ಅದರ ಮುಂದೆಯೇ ಗುಂಪುಗೂಡಿದ್ದರು. ನಡುವೆ ಮುಸುಕುರಾಯರು, ಮುಸುಕಿಲ್ಲದೆ. ನಾನಂದುಕೊಂಡದ್ದಕ್ಕಿಂತ ಕುಳ್ಳು.

‘ಇದು ಹೇಗೆ ಬಂತು ಸಾರ್?’ ಎಂದು ಯಾರೋ ಕೇಳಿದರು.

‘ಕಾದೆ. ಅಷ್ಟೆ’ ಎಂದರು ಅವರು, ಕಣ್ಣು ಅರ್ಧ ಮುಚ್ಚಿಕೊಂಡು.

ನನಗೆ ತಡೆಯಲಾಗಲಿಲ್ಲ. ‘ಬಿಳಿ ಅಂಚು ಹೊರಗಿತ್ತಾ, ಕಪ್ಪು ಅಂಚು ಹೊರಗಿತ್ತಾ?’ ಎಂದು ಕೇಳಿಬಿಟ್ಟೆ, ಸ್ವಲ್ಪ ಗಟ್ಟಿಯಾಗಿಯೇ.

ಅವರ ಮುಖ ನೋಡಬೇಕಿತ್ತು. ಜನ ನನ್ನತ್ತ ತಿರುಗಿದರು. ‘ಯಾರು ಇವರು?’ ಎಂದು ಯಾರೋ ಕೇಳಿದರೆ, ‘ಗೊತ್ತಿಲ್ಲ’ ಎಂದರು ಬೆಳಕಿನ ಋಷಿಗಳು. ಆಮೇಲೆ ಬೇರೆ ಯಾರ ಜೊತೆಗೋ ಮಾತಿಗೆ ತೊಡಗಿದರು, ಬೆನ್ನು ನನ್ನ ಕಡೆಗೆ. ಕ್ಯಾಮೆರಾ ಕೈಯಲ್ಲಿರಬೇಕಿತ್ತು, ಆ ಬೆನ್ನಿನ ಫೋಟೋ ತೆಗೆದುಕೊಳ್ಳುತ್ತಿದ್ದೆ.

ಒಂದು ಕೇಳುತ್ತೇನೆ, ಮುಚ್ಚಿಡಬೇಡ. ನಿನ್ನನ್ನು ಕಳಿಸಿದ್ದು ಫಿಲ್ಮಿಗಾಗಿ ಅಲ್ಲ, ಬೇರೆ ಕಾರಣವಿದೆ, ನಿನ್ನನ್ನೇ ಕೇಳಿ ಎಂದು ಬರೆದಿದ್ದಾರೆ. ಏನೆಂದೆ ನೀನು ಅವರಿಗೆ?

ನಿನ್ನ
ಅಮ್ಮ

----

ಮಾರ್ಚ್ 25

ಅಮ್ಮಾ,

ನೀನು ಅಲ್ಲಿಗೆ ಹೋಗಿ ಹಾಗೆ ಕೇಳಿದ್ದನ್ನು ಓದಿ ಮೊದಲು ನಾಚಿಕೆಯಾಯಿತು. ಆಮೇಲೆ ಅಳು ಬಂತು. ಆಮೇಲೆ ಕೋಣೆಯಲ್ಲಿ ಒಬ್ಬಳೇ ಕೂತು ನಕ್ಕೆ.

ಹೇಳುತ್ತೇನೆ, ಡಿಸೆಂಬರಿನಲ್ಲಿ ಬರೆಯಲು ಧೈರ್ಯ ಬರಲಿಲ್ಲ. ಆ ಫಿಲ್ಮನ್ನು ತೊಳೆದು ಪ್ರಿಂಟ್ ಹಾಕಿದ್ದು ನಾನೇ. ಟ್ರೇಯಲ್ಲಿ ಗುಡ್ಡವೂ ನೀರೂ ಒಟ್ಟಿಗೆ ಮೇಲೆದ್ದು ಬಂದಾಗ ತಪ್ಪು ಮಾಡಿದ್ದೇನೆ ಎನ್ನುವುದೇ ಮರೆತುಹೋಯಿತು. ಕೆಂಪು ದೀಪದ ಕೆಳಗೆ ಮೇಷ್ಟ್ರೂ ಬಗ್ಗಿ ನೋಡುತ್ತಿದ್ದರು. ನಾನು, ‘ಮೇಷ್ಟ್ರೇ, ನಿಮ್ಮ ಚಿತ್ರಗಳಲ್ಲೆಲ್ಲ ಇದೇ ಚೆನ್ನಾಗಿದೆ’ ಎಂದೆ.

ಅವರು ಟ್ರೇಯನ್ನು ದೀಪದ ಹತ್ತಿರಕ್ಕೆ ಎಳೆದುಕೊಂಡರು. ‘ಇದನ್ನ ನಾನು ತೆಗೆದೆನಾ?’ ಎಂದರು.

‘ಇಲ್ಲ’ ಎಂದೆ ಅಮ್ಮಾ. ‘ಅದಕ್ಕೇ’ ಎಂದೆ.

ಅವಮಾನ ಮಾಡಬೇಕೆಂದು ಹೇಳಿದ್ದಲ್ಲ. ಅವರು ಯಾವಾಗಲೂ ‘ನಾನು ಅಡ್ಡ ಬರಬಾರದು, ಬೆಟ್ಟ ತಾನೇ ಬರಬೇಕು’ ಎನ್ನುತ್ತಿದ್ದರು. ಅದು ಕೊನೆಗೂ ಆಯಿತಲ್ಲ ಎಂಬ ಖುಷಿಯಲ್ಲಿ ಹೇಳಿದೆ. ಮರುದಿನ ಬೆಳಗ್ಗೆ ನನ್ನ ಚೀಲ ಬಾಗಿಲ ಹೊರಗಿತ್ತು.

ಅವರು ಅದನ್ನು ಗೋಡೆಗೆ ಹಾಕಿದ್ದಾರೆಂದು ನಿನ್ನಿಂದಲೇ ತಿಳಿದದ್ದು. ಇಷ್ಟು ದಿನ ನನ್ನಿಂದ ಅವರ ಮಂಜಿನ ಚಿತ್ರ ಹೋಯಿತು, ನನ್ನ ಮಾತಿನಿಂದ ಅವರಿಗೆ ನೋವಾಯಿತು ಎಂದು ಊಟ ಬಿಟ್ಟು ಕೂತಿದ್ದೆ. ‘ಕಾದೆ. ಅಷ್ಟೆ’ ಅಂತೆ! ನೀನು ಹೇಳಿದ್ದೆಲ್ಲ ನಿಜ. ಸಣ್ಣ ಮನುಷ್ಯ. ಆ ಸಣ್ಣ ಮನುಷ್ಯನ ಹಿಂದೆ ನಾನು ಬೆನ್ನು ಬಗ್ಗಿಸಿ ಬೆಟ್ಟ ಹತ್ತಿದೆ. ಇನ್ನು ಬೆಟ್ಟದ ಸಹವಾಸವೇ ಬೇಡ. ನೀನೇ ಗೆದ್ದೆಯಮ್ಮಾ. ಕೋಣೆ ಬಿಡುತ್ತಿದ್ದೇನೆ. ಮುಂದಿನ ವಾರ ಬಂದು ಸ್ಟುಡಿಯೋದಲ್ಲಿ ಕೂರುತ್ತೇನೆ. ನೀನು ಹೇಳಿದ ಹಾಗೆ ಇನ್ನು ಮನುಷ್ಯರ ಫೋಟೋ ತೆಗೆದುಕೊಂಡಿರುತ್ತೇನೆ.

ನಿನ್ನ
ಮಗಳು

----

ಮಾರ್ಚ್ 29

ಮಗಳಿಗೆ,

ಈ ಸಲ ಆಶೀರ್ವಾದ ಕೊನೆಯಲ್ಲಿ, ನೀನು ಅದಕ್ಕೆ ಯೋಗ್ಯಳೆಂದು ಅನ್ನಿಸಿದರೆ.

ನೀನು ಬರುವುದನ್ನು ನಾನೆಷ್ಟು ಬಯಸಿದ್ದೆನೆಂದು ನಿನಗೆ ಗೊತ್ತು. ಬರುತ್ತೇನೆ ಎಂಬ ಸಾಲನ್ನು ಓದಿ ಎದ್ದು ಹೋಗಿ ನಿನ್ನ ಹಾಸಿಗೆ ಕೊಡವಿದೆ. ಕೊಡವುತ್ತಾ ಕೊಡವುತ್ತಾ ಸಿಟ್ಟು ಏರಿತು.

ಮೊದಲ ದಿನದಿಂದ ನಾನು ಆ ಮನುಷ್ಯನನ್ನು ಹಳಿದೆ. ಅವನ ಮುಸುಕನ್ನು ಹಳಿದೆ, ಮೋಡವನ್ನು ಹಳಿದೆ, ನಿನ್ನ ತಪಸ್ಸನ್ನು ಹಳಿದೆ. ಹೆತ್ತ ತಾಯಿ, ಬಾಯಿ ಇಷ್ಟು ಹರಿತವಿರುವವಳು. ನೀನು ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ. ಅವನು ಒಂದು ಬೆಳಗ್ಗೆ ಮುನಿಸಿಕೊಂಡು ಚೀಲ ಹೊರಗಿಟ್ಟ, ನೀನು ಬೆಟ್ಟವನ್ನೇ ಬಿಟ್ಟೆ. ನನ್ನ ತಿರಸ್ಕಾರಕ್ಕೆ ಬಗ್ಗದವಳು ಅವನ ತಿರಸ್ಕಾರಕ್ಕೆ ಬಗ್ಗಿದೆಯಾ? ಇದಕ್ಕಿಂತ ದೊಡ್ಡ ಅವಮಾನವನ್ನು ನನಗೆ ಯಾರೂ ಮಾಡಿಲ್ಲ. ನಾನು ಗೆದ್ದೆನಂತೆ! ಇಂಥ ಗೆಲುವನ್ನು ಬೀದಿಗೆ ಎಸೆಯುತ್ತೇನೆ.

ಅವನು ಸಣ್ಣ ಮನುಷ್ಯ. ಒಪ್ಪಿದೆ, ಮೊದಲು ಹೇಳಿದವಳೇ ನಾನು. ಅವನು ತೆಗೆದ ಆ ಒದ್ದೆ ಕಲ್ಲಿನ ಚಿತ್ರ ಸಣ್ಣದಲ್ಲ. ಎರಡೂ ನಿಜ, ಎರಡನ್ನೂ ನುಂಗಿಕೋ. ನಾನು ನುಂಗಿಲ್ಲವೇ? ನನಗೇನು ಅದು ಸಿಹಿಯಾಗಿತ್ತೇ?

ಇನ್ನೊಂದು. ಆ ಗುಡ್ಡ, ನೀರಿನ ಚಿತ್ರ ನಿನ್ನದೆಂದು ಒಳಗೊಳಗೇ ಬೀಗುತ್ತಿದ್ದರೆ ಅದನ್ನೂ ನಿಲ್ಲಿಸು. ಅದು ಅವನದ್ದೂ ಅಲ್ಲ, ನಿನ್ನದೂ ಅಲ್ಲ. ಮರಗಟ್ಟಿದ ಬೆರಳು ಮಾಡಿದ್ದು. ತಪ್ಪಿ ಆದದ್ದಕ್ಕೆ ಹೆಸರು ಹಾಕಿಕೊಂಡು ಅವನು ನಗೆಪಾಟಲಾದ, ಹೆಸರು ಹಾಕಲಿಲ್ಲವೆಂದು ಅತ್ತು ನೀನೂ ಆಗಬೇಡ. ಆದರೆ ಟ್ರೇಯಲ್ಲಿ ಅದು ಮೇಲೆದ್ದು ಬಂದಾಗ ಚೆನ್ನಾಗಿದೆಯೆಂದು ಗುರುತಿಸಿದ್ದು ನೀನು. ಅಷ್ಟು ಹೆಸರಾದ ಋಷಿಗೆ ಅದು ಕಾಣಲಿಲ್ಲ, ನೀನು ಹೇಳಿದ ಮೇಲೆ ಕಂಡಿತು. ಅದೊಂದು ನಿನ್ನದು. ಅದನ್ನು ತಂದು ಇಲ್ಲಿ ಸ್ಟೂಲಿನ ಮುಂದೆ ಕೂತು ‘ಗಲ್ಲ ಸ್ವಲ್ಪ ಮೇಲೆತ್ತಿ’ ಎನ್ನುತ್ತಾ ಹಾಳುಮಾಡಲು ನಾನು ಬಿಡುವುದಿಲ್ಲ.

ಮನುಷ್ಯರ ಫೋಟೋ ತೆಗೆದುಕೊಂಡಿರುತ್ತೇನೆ ಎಂದು ಬರೆದಿದ್ದೀಯ, ಗಂಜಿ ಕುಡಿದುಕೊಂಡಿರುತ್ತೇನೆ ಎಂಬಂತೆ. ನನ್ನ ಕೆಲಸವನ್ನು ಸೋತವರ ಛತ್ರ ಅಂದುಕೊಂಡೆಯಾ? ಇಲ್ಲಿಗೆ ಬೇಕೆಂದು ಬರುವವರು ಬರಲಿ. ಬೇರೆ ಗತಿಯಿಲ್ಲದೆ ಬರುವವರಿಗೆ ನನ್ನ ಕತ್ತಲೆಕೋಣೆಯಲ್ಲಿ ಜಾಗವಿಲ್ಲ, ಹೆತ್ತ ಮಗಳಾದರೂ.

ಆದ್ದರಿಂದ ಬರಬೇಡ. ಕೋಣೆ ಬಿಡಬೇಡ. ಯಾವುದಾದರೂ ಹಳೆ ಪೆಟ್ಟಿಗೆ ಕ್ಯಾಮೆರಾ ಹುಡುಕಿಕೋ, ಬಾಡಿಗೆಗೆ ತಾ, ಯಾರನ್ನಾದರೂ ಬೇಡು. ಬೇಡುವುದು ಸಾಯುವಷ್ಟು ಕಷ್ಟವಲ್ಲ, ನಾನು ಮಾಡಿ ನೋಡಿದ್ದೇನೆ. ಅದೇ ಗುಡ್ಡಕ್ಕೆ ಹೋಗು. ಅವನು ಕೈತಪ್ಪಿ ಮಾಡಿದ್ದನ್ನು ನೀನು ಬೇಕೆಂದೇ ಮಾಡು. ಮಾಡಿದ ಮೇಲೆ ನನಗೆ ತೋರಿಸು. ಚೆನ್ನಾಗಿಲ್ಲದಿದ್ದರೆ ಮುಲಾಜಿಲ್ಲದೆ ಹೇಳುತ್ತೇನೆ, ಚೆನ್ನಾಗಿದ್ದರೂ ಬೈಯದೆ ಬಿಡುವುದಿಲ್ಲ.

ನಿನ್ನ ಹಾಸಿಗೆಯನ್ನು ಮತ್ತೆ ಸುತ್ತಿ ಅಟ್ಟಕ್ಕೆ ಹಾಕಿದೆ. ಹಾಕುವಾಗ ಅತ್ತೆ. ಅದು ನನ್ನ ಪಾಡು, ನಿನಗದರ ಯೋಚನೆ ಬೇಡ.

ಆಶೀರ್ವಾದ.

ಅಮ್ಮ